ಹುಡ್ ಮೇಲೆ ಪಾಸ್ ಸ್ಟಿಕ್ಕರ್ ಇದೆ, ಆದ್ರೂ ಸಂಜೆ ಹೊತ್ತಿಗೆ ತಲೆನೋವು ಯಾಕೆ?

ಪ್ರಶ್ನೆ: ಸರ್, ನಾನು ಪೀಣ್ಯ ಕಡೆ ಒಂದು ಟೆಸ್ಟಿಂಗ್ ಲ್ಯಾಬಲ್ಲಿ ಕೆಮಿಸ್ಟ್. ನಮ್ಮಲ್ಲಿ ಐದಡಿ ಅಗಲದ ಎರಡು ಫ್ಯೂಮ್ ಹುಡ್ (ಆವಿ, ಹೊಗೆನ ಎಳೆದು ಆಚೆ ಬಿಡೋ, ಮುಂದೆ ಗಾಜಿರೋ ಪೆಟ್ಟಿಗೆ) ಇವೆ. ಎಡಗಡೆ ಹುಡ್‌ನಲ್ಲಿ ನೈಟ್ರಿಕ್, ಹೈಡ್ರೋಕ್ಲೋರಿಕ್ ಹಾಕಿ ಹಾಟ್ ಪ್ಲೇಟ್ ಮೇಲೆ ಡೈಜೆಶನ್ (ಸ್ಯಾಂಪಲನ್ನ ಆಸಿಡಲ್ಲಿ ಕಾಯಿಸಿ ಕರಗಿಸೋದು) ಮಾಡ್ತೀವಿ, ಬಲಗಡೆ ಕ್ಲೋರೋಫಾರ್ಮ್, ಮೆಥನಾಲ್, ಹೆಕ್ಸೇನ್ ಎಕ್ಸ್‌ಟ್ರಾಕ್ಷನ್. ಹೋದ ಬೇಸಿಗೆಲಿ ರೂಮಿಗೆ ಎರಡು ಸ್ಪ್ಲಿಟ್ ಎಸಿ ಹಾಕಿಸಿದ್ರು, ಧೂಳು ಬರುತ್ತೆ ಅಂತ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕಿಟಕಿ ಸೀಲ್ ಮಾಡಿದ್ರು. ಆವಾಗಿಂದ ಬಲಗಡೆ ಹುಡ್‌ನಲ್ಲಿ ಕೆಲಸ ಮಾಡಿದ ದಿನ ಸಂಜೆ ತಲೆನೋವು, ಗಂಟಲು ಕೆರೆತ. ಟೆಸ್ಟಿಂಗ್‌ನವರು ಬಂದು ಗಾಳಿ ಅಳೆದು '102 ಎಫ್‌ಪಿಎಂ, ಪಾಸ್' ಅಂತ ಸರ್ಟಿಫಿಕೇಟ್ ಕೊಟ್ಟು ಹೋದ್ರು. ಮ್ಯಾನೇಜರ್ ಸರ್ 'ಟಿಶ್ಯೂ ಪೇಪರ್ ಒಳಗೆ ಎಳೀತಿದೆ, ವಾಸನೆನೂ ಅಷ್ಟಿಲ್ಲ, ಬೇಕಿದ್ರೆ ಎನ್95 ಹಾಕ್ಕೊಳಿ' ಅಂತಾರೆ. ಬ್ಲೋವರ್ ಹುಡ್ ತಲೆ ಮೇಲೇ ಇದೆ, ಡಕ್ಟ್ ಗೋಡೆಯಿಂದ ಆಚೆ ಹೋಗಿ ಆ ಒಂದು ಕಿಟಕಿ ಪಕ್ಕದಲ್ಲೇ ನಿಂತಿದೆ. ಈಗ ಬ್ಲೋವರ್ ಸ್ಪೀಡ್ ಜಾಸ್ತಿ ಮಾಡ್ಸೋದಾ ಇಲ್ಲ ಡಕ್ಟ್‌ಲೆಸ್ ಹುಡ್ ತಗೊಳೋದಾ ಅಂತ ಮಾತಾಡ್ತಿದಾರೆ. ನನಗೆ ಭಯ ಆಗ್ತಿದೆ. ಇದು ನನ್ನ ಭ್ರಮೆನಾ?

ಉತ್ತರ:

ಭ್ರಮೆ ಅಲ್ಲ ಮೇಡಂ. ನೀವು ಬರೆದಿದ್ದರಲ್ಲೇ ಮೂರು ನಾಲ್ಕು ಕಾರಣ ಕಾಣ್ತಿದೆ, ಮತ್ತೆ ಆ ಸರ್ಟಿಫಿಕೇಟ್ ಸುಳ್ಳು ಅಂತಲೂ ನಾನು ಹೇಳಲ್ಲ. 102 ಅನ್ನೋ ನಂಬರ್ ನಿಜಾನೇ ಇರಬಹುದು. ಆದ್ರೆ ಹುಡ್ ಬಾಯಲ್ಲಿ ಗಾಳಿ ಎಷ್ಟು ಸ್ಪೀಡಲ್ಲಿ ಒಳಗೆ ಹೋಗ್ತಿದೆ ಅನ್ನೋದು ಒಂದು, ಒಳಗಿರೋ ಆವಿ ನಿಮ್ಮ ಮೂಗಿಗೆ ಬರದ ಹಾಗೆ ಅಲ್ಲೇ ತಡೀತಿದೆಯಾ ಅನ್ನೋದು ಇನ್ನೊಂದು. ಬೆಂಗಳೂರಲ್ಲಿ ನಾನು ಟೆಸ್ಟಿಂಗ್‌ಗೆ ಹೋಗೋ ಸಣ್ಣ ಲ್ಯಾಬ್‌ಗಳಲ್ಲಿ ಮೊದಲನೇದನ್ನ ಅಳೆದು ಎರಡನೇದಕ್ಕೆ ಸ್ಟಿಕ್ಕರ್ ಅಂಟಿಸೋದು ತುಂಬಾ ಕಾಮನ್, ನಿಮ್ಮ ವಿಷಯದಲ್ಲೂ ಅದೇ ಆಗಿರೋ ಹಾಗಿದೆ.

ಮೊದಲು ಈ 100 ಎಫ್‌ಪಿಎಂ ಲೆಕ್ಕ ನೋಡೋಣ. ಎಫ್‌ಪಿಎಂ ಅಂದ್ರೆ ನಿಮಿಷಕ್ಕೆ ಎಷ್ಟು ಅಡಿ ಅಂತ, 100 ಅಂದ್ರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಸಾಮಾನ್ಯವಾಗಿ 80ರಿಂದ 120 ಒಳಗೆ ಇರಬೇಕು ಅಂತ ಹೇಳ್ತಾರೆ. ನಿಮ್ಮದು ಐದಡಿ ಹುಡ್, ಸ್ಯಾಶ್ ಅಂದ್ರೆ ಮುಂದಿನ ಗಾಜನ್ನ ಒಂದೂವರೆ ಅಡಿ ಎತ್ತಿದ್ರೆ ಬಾಯಿ ಏಳೂವರೆ ಚದರ ಅಡಿ ಆಯ್ತು, 100 ಬರಬೇಕಂದ್ರೆ ಬ್ಲೋವರ್ ನಿಮಿಷಕ್ಕೆ 750 ಘನ ಅಡಿ ಎಳೀಬೇಕು. ಈಗ ಅದೇ ಬ್ಲೋವರ್, ಅದೇ 750, ನೀವು ದೊಡ್ಡ ಫ್ಲಾಸ್ಕ್ ಇಡಕ್ಕೆ ಅಂತ ಗಾಜನ್ನ ಎರಡೂವರೆ ಅಡಿಗೆ ಎತ್ತಿದ್ರೆ ಬಾಯಲ್ಲಿ ಬರೋದು 60 ಮಾತ್ರ. ಗಾಜು ಒಂದಡಿಗೆ ಇಳಿಸಿ ಅಳೆದ್ರೆ 150 ತೋರಿಸುತ್ತೆ. ಬೈಪಾಸ್ (ಗಾಜು ಇಳಿಸಿದಾಗ ಗಾಳಿ ಬರಕ್ಕೆ ಬೇರೆ ದಾರಿ) ಇರೋ ಹುಡ್‌ನಲ್ಲಿ ಇಷ್ಟು ನೇರವಾಗಿ ಏರಿಳಿಯಲ್ಲ, ಆದ್ರೂ ವಿಷಯ ಅದೇ. ಹಾಗಾಗಿ ಸರ್ಟಿಫಿಕೇಟಲ್ಲಿ ನಂಬರ್ ಪಕ್ಕ ಸ್ಯಾಶ್ ಹೈಟ್ ಬರೆದಿಲ್ಲ ಅಂದ್ರೆ ಆ 102ಕ್ಕೆ ಅರ್ಥಾನೇ ಇಲ್ಲ. ನಿಮ್ಮದ್ರಲ್ಲಿ ಬರೆದಿದೆಯಾ ನೋಡಿ.

ಇನ್ನೊಂದು, ಎಷ್ಟು ಕಡೆ ಅಳೆದ್ರು? ಮಧ್ಯದಲ್ಲಿ ಒಂದು ಸಲ ಅನಿಮೋಮೀಟರ್ (ಗಾಳಿ ಸ್ಪೀಡ್ ಅಳೆಯೋ ಮೀಟರ್) ಹಿಡಿದು ಬರ್ಕೊಂಡು ಹೋದ್ರೆ ಅದು ಟೆಸ್ಟ್ ಅಲ್ಲ. ಬಾಯನ್ನ ಒಂದೊಂದು ಚದರ ಅಡಿಗಿಂತ ದೊಡ್ಡದಾಗದ ಹಾಗೆ ಚೌಕ ಚೌಕ ಮಾಡ್ಕೊಂಡು, ಪ್ರತಿ ಚೌಕದ ಮಧ್ಯೆ ಪ್ರೋಬನ್ನ ಸ್ಟ್ಯಾಂಡಿಗೆ ಕಟ್ಟಿ 20 ಸೆಕೆಂಡ್ ಆವರೇಜ್ ತಗೋಬೇಕು. ಕೈಯಲ್ಲಿ ಹಿಡ್ಕೊಂಡು ನಿಂತ್ರೆ ಅಳೆಯೋರ ಮೈನೇ ಗಾಳಿಗೆ ಅಡ್ಡ. ಆವರೇಜ್ 102 ಇದ್ದು ಒಂದು ಮೂಲೆಲಿ 55, ಇನ್ನೊಂದು ಮೂಲೆಲಿ 150 ಇದ್ರೆ ಆ 55 ಇರೋ ಮೂಲೆಯಿಂದ ಹೊಗೆ ಆಚೆ ಬರಬಹುದು, ಪೇಪರ್ ಮೇಲೆ ಮಾತ್ರ ಪಾಸ್.

ಬೆಂಗಳೂರಿನವರಿಗೇ ಅಂತ ಒಂದು ವಿಷಯ ಇಲ್ಲಿ ಸೇರಿಸ್ತೀನಿ, ಟೆಸ್ಟ್ ಮಾಡೋ ಹುಡುಗರು ಇದನ್ನ ಮರೀತಾರೆ. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೀವಿ, ಇಲ್ಲಿ ಗಾಳಿ ಸುಮಾರು ಶೇಕಡ 10ರಷ್ಟು ತೆಳು. ಹಾಟ್ ವೈರ್ ಅನಿಮೋಮೀಟರ್ ಅಳೆಯೋದು ತಂತಿನ ಗಾಳಿ ಎಷ್ಟು ತಣ್ಣಗೆ ಮಾಡ್ತು ಅಂತ, ಹಾಗಾಗಿ ತೆಳು ಗಾಳೀಲಿ ಅದು ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಮೀಟರಲ್ಲಿ ಪ್ರೆಶರ್ ಸೆಟ್ಟಿಂಗ್ ಹಾಕಿದ್ರೆ ಸರಿ ಹೋಗುತ್ತೆ. ಫ್ಯಾನ್ ತರ ತಿರುಗೋ ವೇನ್ ಮೀಟರಿಗೆ ಈ ತೊಂದರೆ ಅಷ್ಟಿಲ್ಲ. ಇದರಿಂದ ನಿಮಗೆ ಅಪಾಯ ಅಂತಲ್ಲ, ಆದ್ರೆ ಒಬ್ರು 88 ಅಂತಾರೆ ಇನ್ನೊಬ್ರು 100 ಅಂತಾರೆ, ಆಗ ಯಾರೋ ಸುಳ್ಳು ಹೇಳ್ತಿದಾರೆ ಅಂತ ಜಗಳ ಶುರುವಾಗುತ್ತೆ. ಯಾವ ಮೀಟರ್, ಕ್ಯಾಲಿಬ್ರೇಶನ್ ಯಾವಾಗ ಆಗಿದೆ, ಕರೆಕ್ಷನ್ ಹಾಕಿದಾರಾ ಅಂತ ಕೇಳೋದು ನಿಮ್ಮ ಹಕ್ಕು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಎಸಿ. ನಿಮ್ಮ ತೊಂದರೆ ಶುರುವಾಗಿದ್ದು ಎಸಿ ಬಂದು ಕಿಟಕಿ ಮುಚ್ಚಿದ್ಮೇಲೆ ಅಂತ ನೀವೇ ಬರೆದಿದೀರಲ್ಲ, ನನ್ನ ಪ್ರಕಾರ ಅದೇ ಬುಡ. ಎರಡು ತರ ಏಟು ಕೊಡುತ್ತೆ ಇದು. ಒಂದು, ಸ್ಪ್ಲಿಟ್ ಎಸಿ ಹೊರಗಿನ ಗಾಳಿ ಒಳಗೆ ತರಲ್ಲ, ರೂಮಲ್ಲಿರೋದನ್ನೇ ತಿರುಗಿಸಿ ತಣ್ಣಗೆ ಮಾಡುತ್ತೆ. ನಿಮ್ಮ ಎರಡು ಹುಡ್ ಸೇರಿ ನಿಮಿಷಕ್ಕೆ 1500 ಘನ ಅಡಿ ಆಚೆ ಎಸೀತಿವೆ ಅಂತ ಇಟ್ಕೊಳಿ, ನಿಮ್ಮ ರೂಮ್ 20 ಅಡಿ ಉದ್ದ 15 ಅಡಿ ಅಗಲ 10 ಅಡಿ ಎತ್ತರ ಇದ್ರೆ ಅದರಲ್ಲಿರೋ ಗಾಳಿನೇ 3000 ಘನ ಅಡಿ, ಅಂದ್ರೆ ಎರಡೇ ನಿಮಿಷದಲ್ಲಿ ಇಡೀ ರೂಮಿನ ಗಾಳಿ ಖಾಲಿ ಆಗೋ ಲೆಕ್ಕ. ಅಷ್ಟು ಗಾಳಿ ಎಲ್ಲಿಂದಾದ್ರೂ ಒಳಗೆ ಬರಲೇಬೇಕಲ್ಲ, ಮೊದಲು ಕಿಟಕಿ ಸಂದಿಯಿಂದ ಬರ್ತಿತ್ತು, ಈಗ ಅದೂ ಇಲ್ಲ. ಖಾಲಿ ಬಾಟಲಿ ಬಾಯಿಗಿಟ್ಟು ಗಾಳಿ ಎಳೆದ ಹಾಗೆ, ಸ್ವಲ್ಪ ಬರುತ್ತೆ ಆಮೇಲೆ ಬರಲ್ಲ. ಬ್ಲೋವರ್ ಸದ್ದು ಮಾತ್ರ ಹಾಗೇ ಇರುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರಲ್ಲ. ಇದನ್ನ ನೋಡಕ್ಕೆ ಮೀಟರ್ ಕೂಡ ಬೇಡ: ಎರಡೂ ಹುಡ್ ಆನ್ ಮಾಡಿ ಲ್ಯಾಬ್ ಬಾಗಿಲು ಆಚೆಗೆ ತಳ್ಳಿ ನೋಡಿ, ಯಾರೋ ಒಳಗಿಂದ ಹಿಡ್ಕೊಂಡ ಹಾಗೆ ಬಿಗಿಯಾಗಿದ್ರೆ ಅಥವಾ ಬಾಗಿಲ ಕೆಳಗಿನ ಸಂದೀಲಿ ಸುಯ್ ಅಂತ ಗಾಳಿ ನುಗ್ತಿದ್ರೆ ರೂಮಿಗೆ ಗಾಳಿ ಸಾಕಾಗ್ತಿಲ್ಲ ಅಂತಲೇ. ಟೆಸ್ಟಿಂಗ್‌ನವರು ಬಂದಾಗ ಬಾಗಿಲು ತೆಗೆದಿಟ್ಟು, ಒಂದೇ ಹುಡ್ ಆನ್ ಮಾಡಿ ಅಳೆದಿದ್ರೆ 102 ಬರೋದ್ರಲ್ಲಿ ಆಶ್ಚರ್ಯ ಏನಿಲ್ಲ.

ಎರಡನೇದು ಅಡ್ಡಗಾಳಿ. ಹುಡ್ ಬಾಯಲ್ಲಿ ಗಾಳಿ ಹೋಗ್ತಿರೋದು 100ರ ಸ್ಪೀಡಲ್ಲಿ, ಇದು ಬಹಳ ಮೆಲ್ಲಗಿನ ಗಾಳಿ, ನಾವು ಸುಮ್ನೆ ನಡ್ಕೊಂಡು ಹೋಗೋ ಸ್ಪೀಡಿನ ಅರ್ಧಕ್ಕಿಂತಲೂ ಕಮ್ಮಿ. ಅಂದ್ರೆ ಯಾರಾದ್ರೂ ಬಿರಬಿರ ಅಂತ ಹುಡ್ ಮುಂದೆ ಹಾದು ಹೋದ್ರೂ ಅವರ ಹಿಂದೆ ಏಳೋ ಗಾಳಿ ಒಳಗಿನ ಆವಿನ ಆಚೆ ಎಳೀಬಹುದು. ಇನ್ನು ಎದುರು ಗೋಡೆಯ ಎಸಿ ಸೀದಾ ಹುಡ್ ಬಾಯಿಗೆ ಊದ್ತಿದ್ರೆ ಕೇಳೋದೇ ಬೇಡ. ಹುಡ್ ಮುಂದಿನ ಅಡ್ಡಗಾಳಿ ಹುಡ್ ಗಾಳಿಯ ಅರ್ಧಕ್ಕಿಂತ ಕಮ್ಮಿ ಇರಬೇಕು, ಶೇಕಡ 30ರ ಒಳಗಿದ್ರೆ ಇನ್ನೂ ಒಳ್ಳೇದು, ಅಂದ್ರೆ 30 ಎಫ್‌ಪಿಎಂ, ಅದು ಮೈಗೆ ಗೊತ್ತಾಗೋದೂ ಕಷ್ಟ ಅನ್ನೋ ಅಷ್ಟು ಗಾಳಿ. ಸೀಲಿಂಗ್ ಫ್ಯಾನು, ಟೇಬಲ್ ಫ್ಯಾನು ಹಾಕಿರೋ ಲ್ಯಾಬ್‌ಗಳಲ್ಲೂ ಇದೇ ಕಥೆ.

ಇದಕ್ಕೇ ನಾನು 'ಸ್ಪೀಡ್ ಜಾಸ್ತಿ ಮಾಡ್ಸಿ' ಅನ್ನೋ ಮಾತನ್ನ ಒಪ್ಪಲ್ಲ. ನೀವು ಹುಡ್ ಮುಂದೆ ನಿಂತಾಗ ಗಾಳಿ ನಿಮ್ಮ ಮೈ ಸುತ್ತಿ ಒಳಗೆ ಹೋಗುತ್ತೆ, ನಿಮ್ಮ ಎದೆ ಮತ್ತು ಹುಡ್ ನಡುವೆ ಒಂದು ಸುಳಿ ಆಗುತ್ತೆ, ಅಲ್ಲಿರೋ ಆವಿ ಆ ಸುಳಿಗೆ ಸಿಕ್ಕಿ ಸೀದಾ ಮೂಗಿನ ಹತ್ರ ಬರುತ್ತೆ. 120 ದಾಟಿ ಸ್ಪೀಡ್ ಏರಿಸ್ತಾ ಹೋದ್ರೆ ಈ ಸುಳಿ ಇನ್ನೂ ಜೋರಾಗುತ್ತೆ, ಒಳಗೆ ಪೌಡರ್ ಹಾರುತ್ತೆ, ಬರ್ನರ್ ಆರುತ್ತೆ, ಸೇಫ್ಟಿ ಏನೂ ಹೆಚ್ಚಲ್ಲ. ಇನ್ನು ಮೋಟರ್ ವಿಷಯ, ಪುಲ್ಲಿ ಬದಲಾಯಿಸಿ ಬ್ಲೋವರ್ ಆರ್‌ಪಿಎಂ ಶೇಕಡ 20 ಏರಿಸಿದ್ರೆ ಗಾಳಿ ಶೇಕಡ 20 ಜಾಸ್ತಿ, ಆದ್ರೆ ಮೋಟರ್ ಎಳೆಯೋ ಪವರ್ ಶೇಕಡ 73ರಷ್ಟು ಜಾಸ್ತಿ ಆಗುತ್ತೆ, ಯಾಕಂದ್ರೆ ಅದು ಸ್ಪೀಡಿನ ಘನದ ಲೆಕ್ಕದಲ್ಲಿ ಏರುತ್ತೆ. ಮೋಟರ್ ಸುಟ್ಟು ಹೋಗೋದು ಹೀಗೇ. ಅದೂ ಅಲ್ದೆ ರೂಮಿಗೆ ಬರೋ ಗಾಳಿನೇ ಇಲ್ದೆ ಇರುವಾಗ ಬ್ಲೋವರ್ ದೊಡ್ಡದು ಮಾಡಿ ಪ್ರಯೋಜನ ಏನು?

ಟಿಶ್ಯೂ ಪೇಪರ್ ಬಗ್ಗೆ: ಅದು ಬ್ಲೋವರ್ ಓಡ್ತಿದೆ ಅಂತ ಹೇಳುತ್ತೆ, ಅಷ್ಟೇ. ದಿನಾ ಬೆಳಿಗ್ಗೆ ನೋಡಕ್ಕೆ ಪರವಾಗಿಲ್ಲ, ಆದ್ರೆ ಮೂಲೆಲಿರೋ ಸುಳಿ ಅದಕ್ಕೆ ಗೊತ್ತಾಗಲ್ಲ.

ವಾಸನೆ ಇಲ್ಲ ಅಂದ್ರೆ ಸೇಫ್ ಅನ್ನೋ ನಂಬಿಕೆ ಮಾತ್ರ ನಿಜವಾಗ್ಲೂ ಅಪಾಯಕಾರಿ, ನಿಮ್ಮ ಮ್ಯಾನೇಜರಿಗೆ ಇದನ್ನ ದಯವಿಟ್ಟು ಓದಿ ಹೇಳಿ. ಕ್ಲೋರೋಫಾರ್ಮ್‌ಗೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಸಾಮಾನ್ಯವಾಗಿ ಹೇಳೋ ಮಿತಿ 10 ಪಿಪಿಎಂ, ಅಂದ್ರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10 ಭಾಗ. ಬಹಳ ಜನರ ಮೂಗಿಗೆ ಅದರ ವಾಸನೆ ಗೊತ್ತಾಗೋದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆದ್ಮೇಲೇನೇ. ಅಂದ್ರೆ ವಾಸನೆ ಬರೋ ಹೊತ್ತಿಗೆ ಮಿತಿ ಯಾವತ್ತೋ ದಾಟಿರುತ್ತೆ, ಅದೂ ಅಲ್ದೆ ದಿನಾ ಅಲ್ಲೇ ಇರೋರ ಮೂಗು ವಾಸನೆಗೆ ಒಗ್ಗಿ ಹೋಗಿರುತ್ತೆ, ಹೊರಗಿಂದ ಬಂದೋರಿಗೇ ಮೊದಲು ಗೊತ್ತಾಗೋದು. ಉಲ್ಟಾನೂ ಇದೆ, ಥಯೋಲ್ ತರದ, ಗಂಧಕ ಇರೋ ಕೆಮಿಕಲ್ಸ್ ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ ಇದ್ರೂ ಇಡೀ ಬಿಲ್ಡಿಂಗ್ ನಾರುತ್ತೆ. ಒಟ್ಟಲ್ಲಿ ಮೂಗು ಮೀಟರ್ ಅಲ್ಲ.

ಎನ್95 ಅಂತೂ ಇಲ್ಲಿ ಪೂರ್ತಿ ದಂಡ. ಅದು ಧೂಳಿನ ಕಣ ಹಿಡಿಯುತ್ತೆ, ಆವಿ ಅದರಿಂದ ಸಲೀಸಾಗಿ ದಾಟಿ ಬರುತ್ತೆ. ಸಾಲ್ವೆಂಟ್‌ಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರೋ ಹಾಫ್ ಮಾಸ್ಕ್ ಸಿಗುತ್ತೆ, ತಾತ್ಕಾಲಿಕವಾಗಿ ಸ್ವಲ್ಪ ದಿನಕ್ಕೆ ಸರಿ, ಆದ್ರೆ ಅದು ಮೆಥನಾಲ್‌ಗೆ ಚೆನ್ನಾಗಿ ಕೆಲಸ ಮಾಡಲ್ಲ, ನೈಟ್ರಿಕ್‌ನ ಕಂದು ಹೊಗೆಗೂ ಅದೇ ಕಾರ್ಟ್ರಿಡ್ಜ್ ನಡೆಯಲ್ಲ. ಆ ಕಂದು ಹೊಗೆ ಬಗ್ಗೆ ಒಂದು ಎಚ್ಚರಿಕೆ: ನೈಟ್ರೋಜನ್ ಡೈ ಆಕ್ಸೈಡ್ ಕುಡಿದ ತಕ್ಷಣ ಏನೂ ಆಗಿಲ್ಲ ಅನ್ನಿಸಬಹುದು, ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬ್ಕೊಳೋ ಸಾಧ್ಯತೆ ಇದೆ. ಡೈಜೆಶನ್ ಮಾಡುವಾಗ ಜೋರಾಗಿ ಹೊಗೆ ಎಳ್ಕೊಂಡು ಬಿಟ್ರೆ ಮನೆಗೆ ಹೋಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ.

ಡಕ್ಟ್‌ಲೆಸ್ ಹುಡ್ ತಗೊಳೋದು ನಿಮ್ಮ ಕೆಲಸಕ್ಕೆ ನಾನು ಬೇಡ ಅಂತೀನಿ. ಅದು ಗಾಳಿನ ಆಚೆ ಕಳ್ಸಲ್ಲ, ಕಾರ್ಬನ್ ಫಿಲ್ಟರಿಂದ ಹಾಯಿಸಿ ಮತ್ತೆ ರೂಮಿಗೇ ಬಿಡುತ್ತೆ. ಮೆಥನಾಲ್ ತರದ ಚಿಕ್ಕ ಅಣುಗಳನ್ನ ಕಾರ್ಬನ್ ಸರಿಯಾಗಿ ಹಿಡ್ಕೊಳಲ್ಲ, ಫಿಲ್ಟರ್ ತುಂಬಿದ ದಿನ ಹೇಳಕ್ಕೆ ಯಾರೂ ಇರಲ್ಲ, ಮತ್ತೆ ನೈಟ್ರಿಕ್ ಆಸಿಡ್ ತರದ ಆಕ್ಸಿಡೈಸರ್ ಕಾರ್ಬನ್ ಮೇಲೆ ಬಿದ್ರೆ ಬಿಸಿಯಾಗಿ ಬೆಂಕಿ ಹತ್ತೋ ಅಪಾಯ ಇದೆ. ಒಂದೇ ಗೊತ್ತಿರೋ ಸಾಲ್ವೆಂಟ್ ಸ್ವಲ್ಪ ಸ್ವಲ್ಪ ಬಳಸೋರಿಗೆ, ಫಿಲ್ಟರ್ ಲಾಗ್ ಇಡೋರಿಗೆ ಅದು ಸರಿ. ಲ್ಯಾಮಿನಾರ್ ಫ್ಲೋನೂ ಕೇಳ್ತಾರೆ ಕೆಲವರು, ಅದಂತೂ ಗಾಳಿನ ನಿಮ್ಮ ಮುಖಕ್ಕೇ ಊದುತ್ತೆ, ಅದು ಸ್ಯಾಂಪಲ್ ಕಾಪಾಡಕ್ಕೆ ಇರೋದು, ಮನುಷ್ಯರನ್ನಲ್ಲ.

ನಿಮ್ಮ ಬ್ಲೋವರ್ ಇರೋ ಜಾಗವೂ ನನಗೆ ಇಷ್ಟ ಆಗಿಲ್ಲ. ಬ್ಲೋವರ್ ಟೆರೇಸ್ ಮೇಲಿದ್ರೆ ಬಿಲ್ಡಿಂಗ್ ಒಳಗಿನ ಡಕ್ಟ್ ಪೂರ್ತಿ ಎಳೆತದಲ್ಲಿರುತ್ತೆ, ಎಲ್ಲಾದ್ರೂ ಜಾಯಿಂಟ್ ಬಿಟ್ರೂ ರೂಮಿನ ಗಾಳಿ ಡಕ್ಟ್ ಒಳಗೆ ಹೋಗುತ್ತೆ ಅಷ್ಟೇ. ಹುಡ್ ತಲೆ ಮೇಲಿದ್ರೆ ಬ್ಲೋವರಿಂದ ಗೋಡೆವರೆಗಿನ ಡಕ್ಟ್ ಒತ್ತಡದಲ್ಲಿರುತ್ತೆ, ಆಸಿಡ್ ತಿಂದ ಜಾಯಿಂಟಿಂದ ಹೊಗೆ ಸೀದಾ ನಿಮ್ಮ ರೂಮಿಗೆ. ಆಮೇಲೆ ಆಚೆ ಹೋದ ಡಕ್ಟ್ ಕಿಟಕಿ ಪಕ್ಕದಲ್ಲೇ ನಿಂತಿದೆ ಅಂದ್ರಲ್ಲ, ರೂಮು ಗಾಳಿಗೆ ಹಸಿದು ಕೂತಿದೆ, ಇರೋದೊಂದೇ ಕಿಟಕಿ, ಅದರ ಪಕ್ಕದಲ್ಲೇ ಹೊಗೆ ಬಿಟ್ರೆ ಅದೇ ಹೊಗೆ ವಾಪಸ್ ಒಳಗೆ ಬರುತ್ತೆ. ಜೂನ್ ಜುಲೈಲಿ ಬೆಂಗಳೂರಲ್ಲಿ ಪಶ್ಚಿಮದಿಂದ ಜೋರು ಗಾಳಿ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ, ಹಾಗಾಗಿ ಒಂದು ಸೀಸನ್ನಲ್ಲಿ ವಾಸನೆ ಇಲ್ಲ ಅಂತ ವರ್ಷವೆಲ್ಲ ಇಲ್ಲ ಅನ್ಕೋಬೇಡಿ. ಡಕ್ಟ್ ಟೆರೇಸ್‌ಗಿಂತ ಕನಿಷ್ಠ 10 ಅಡಿ ಮೇಲೆ ಹೋಗಿ ನೇರ ಆಕಾಶಕ್ಕೆ ಬಿಡಬೇಕು. ಮಳೆ ನೀರು ಬೀಳುತ್ತೆ ಅಂತ ಮೇಲೆ ಟೋಪಿ ಹಾಕಿಸ್ತಾರೆ, ಆ ಟೋಪಿ ಹೊಗೆನ ಕೆಳಕ್ಕೇ ತಳ್ಳುತ್ತೆ, ಅದರ ಬದಲು ನೀರು ಇಳಿದು ಹೋಗಕ್ಕೆ ಡ್ರೈನ್ ಇರೋ ಸ್ಟ್ಯಾಕ್ ಮಾಡ್ಸಬೇಕು.

ಕರೆಂಟ್ ವಿಷಯಾನೂ ಒಂದು ಸಲ ನೋಡಿ. ಬೆಸ್ಕಾಂ ಕರೆಂಟ್ ಹೋಗಿ ಡಿಜಿ (ಡೀಸೆಲ್ ಜನರೇಟರ್) ಬಂದಾಗ ಲೈಟು ಎಸಿ ತಾವೇ ಆನ್ ಆಗ್ತವೆ, ಆದ್ರೆ ಬ್ಲೋವರ್ ಸ್ಟಾರ್ಟರ್ ಟ್ರಿಪ್ ಆಗಿ ಹಾಗೇ ನಿಂತಿರುತ್ತೆ, ಹಸಿರು ಬಟನ್ ಒತ್ತೋವರೆಗೂ ಓಡಲ್ಲ. ಎಸಿ ಸದ್ದಲ್ಲಿ ಇದು ಗೊತ್ತಾಗದೆ ಡೈಜೆಶನ್ ಮುಂದುವರಿಸಿದ ಲ್ಯಾಬ್‌ಗಳನ್ನ ನೋಡಿದೀನಿ. ಇನ್ನೊಂದು, ಪ್ಯಾನೆಲ್ ಕೆಲಸ ಆದ್ಮೇಲೆ ಫೇಸ್ ಅದಲು ಬದಲಾದ್ರೆ ತ್ರೀ ಫೇಸ್ ಬ್ಲೋವರ್ ಉಲ್ಟಾ ತಿರುಗುತ್ತೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಉಲ್ಟಾ ತಿರುಗಿದ್ರೂ ಗಾಳಿ ಅದೇ ದಿಕ್ಕಲ್ಲೇ ಹೋಗುತ್ತೆ, ಕಮ್ಮಿ ಹೋಗುತ್ತೆ ಅಷ್ಟೇ, ಹಾಗಾಗಿ ಟಿಶ್ಯೂ ಪೇಪರ್ ಇದನ್ನ ಹಿಡಿಯಲ್ಲ. ಬ್ಲೋವರ್ ಮೈ ಮೇಲೆ ಬಾಣದ ಗುರುತಿರುತ್ತೆ, ಆಫ್ ಮಾಡಿ ನಿಲ್ಲೋ ಹೊತ್ತಲ್ಲಿ ಯಾವ ಕಡೆ ತಿರುಗ್ತಿದೆ ಅಂತ ಎಲೆಕ್ಟ್ರಿಷಿಯನ್‌ಗೆ ನೋಡಕ್ಕೆ ಹೇಳಿ, ಬೆಲ್ಟ್ ಸಡಿಲ ಆಗಿದೆಯಾ ಅಂತಲೂ.

ಹಾಗಾದ್ರೆ ಏನು ಮಾಡ್ಬೇಕು. ದುಡ್ಡಿಲ್ದೆ ನಾಳೆನೇ ಮಾಡೋದು: ಎಸಿ ರೆಕ್ಕೆನ ಹುಡ್ ಕಡೆ ಊದದ ಹಾಗೆ ತಿರುಗಿಸಿ, ಆಗದಿದ್ರೆ ಕೆಲಸದ ಹೊತ್ತಲ್ಲಿ ಆ ಒಂದು ಎಸಿ ಆಫ್. ಹುಡ್ ಒಳಗೆ ಬಾಟಲಿ ಸ್ಟೋರ್ ಮಾಡಿದ್ರೆ ತೆಗೆದು ಕ್ಯಾಬಿನೆಟ್‌ಗೆ ಹಾಕಿ, ಹಿಂದಿನ ಗೋಡೆಲಿರೋ ಸಂದಿಗಳೇ ಹುಡ್‌ನ ಉಸಿರು, ಅದಕ್ಕೆ ಬಾಟಲಿ ಅಡ್ಡ ಇರಬಾರದು. ದೊಡ್ಡ ಹಾಟ್ ಪ್ಲೇಟ್‌ನ ಎರಡು ಇಂಚು ಎತ್ತರಿಸಿ ಇಟ್ರೆ ಕೆಳಗಿಂದ ಗಾಳಿ ಹಾಯುತ್ತೆ. ಎಲ್ಲ ಕೆಲಸ ಬಾಯಿಂದ ಆರು ಇಂಚು ಒಳಗೆ, ಅದಕ್ಕೆ ಟೇಪ್ ಅಂಟಿಸಿ ಗೆರೆ ಮಾಡಿ. ಗಾಜಿಗೆ ಒಂದೂವರೆ ಅಡಿಯ ಗುರುತು ಹಾಕಿ, ಮುಖ ಯಾವಾಗ್ಲೂ ಗಾಜಿನ ಹಿಂದೆ ಇರಲಿ, ತಲೆ ಒಳಗೆ ತೂರಿಸೋದು ಯಾವತ್ತೂ ಬೇಡ.

ಆಮೇಲೆ ಹೊಗೆ ಟೆಸ್ಟ್ ಮಾಡ್ಸಿ, ಇದನ್ನ ಒತ್ತಾಯ ಮಾಡಿಯಾದ್ರೂ ಮಾಡ್ಸಿ. ಬಿಸಿ ನೀರಿಗೆ ಡ್ರೈ ಐಸ್ ಹಾಕಿ ಬರೋ ಮಂಜು, ಅಥವಾ ನೀರಿನ ಫಾಗರ್ ಸಾಕು. ಹುಡ್ ಒಳಗೆ ಬಾಯಿಂದ ಆರು ಇಂಚಲ್ಲಿ ಇಟ್ಟು ಎರಡೂ ಎಸಿ ಆನ್, ಬಾಗಿಲು ಮುಚ್ಚಿ, ಎರಡೂ ಹುಡ್ ಆನ್, ಮಾಮೂಲಿ ಸಾಮಾನು ಒಳಗೇ ಇಟ್ಟು, ಒಬ್ರು ಮುಂದೆ ನಿಂತು ನೋಡಿ, ಮೊಬೈಲಲ್ಲಿ ವಿಡಿಯೋ ಮಾಡ್ಕೊಳಿ. ಮಂಜು ಆಚೆ ಬಂದ್ರೆ ಯಾವ ಸರ್ಟಿಫಿಕೇಟಿಗೂ ಬೆಲೆ ಇಲ್ಲ. ಬಹಳ ಕಡೆ ಅಗರಬತ್ತಿ ಹಚ್ಚಿ ನೋಡ್ತಾರೆ, ಹೆಕ್ಸೇನ್ ಇರೋ ಜಾಗದಲ್ಲಿ ದಯವಿಟ್ಟು ಬೇಡ, ಅದು ಕೆಂಡ. ಡ್ರೈ ಐಸ್‌ನೂ ಮುಚ್ಚಿದ ರೂಮಲ್ಲಿ ಜಾಸ್ತಿ ಬಳಸಬಾರದು, ಗ್ಲೌಸ್ ಇರಲಿ. ಇದಕ್ಕಿಂತ ಗಟ್ಟಿ ಟೆಸ್ಟ್ ಅಂದ್ರೆ ಆಶ್ರೇ 110, ಅಮೆರಿಕಾದ ಸ್ಟ್ಯಾಂಡರ್ಡ್, 1985ರಲ್ಲಿ ಬಂದಿದ್ದು, 2016ರಲ್ಲಿ ಪರಿಷ್ಕರಣೆ ಆಗಿದೆ. ಅದರಲ್ಲಿ ಹುಡ್ ಒಳಗೆ ನಿಮಿಷಕ್ಕೆ 4 ಲೀಟರ್ ಟ್ರೇಸರ್ ಗ್ಯಾಸ್ (ಮೀಟರಲ್ಲಿ ಪತ್ತೆ ಹಚ್ಚಕ್ಕೆ ಅಂತ ಬಿಡೋ ಗ್ಯಾಸ್) ಬಿಟ್ಟು, ಮುಂದೆ ಒಂದು ಬೊಂಬೆ ನಿಲ್ಲಿಸಿ ಅದರ ಮೂಗಿನ ಹತ್ರ ಎಷ್ಟು ಬಂತು ಅಂತ ಅಳೀತಾರೆ, ಲ್ಯಾಬಲ್ಲಿ ಫಿಟ್ ಮಾಡಿದ ಹುಡ್‌ಗೆ ಸಾಮಾನ್ಯವಾಗಿ 0.1 ಪಿಪಿಎಂ ದಾಟಬಾರದು ಅಂತ ನೋಡ್ತಾರೆ. ಖರ್ಚು ಜಾಸ್ತಿ, ಹೊಸ ಹುಡ್ ತಗೊಳುವಾಗ ಕೇಳಬೇಕಾದ್ದು ಇದು. ಈಗ ನಿಮಗೆ ಮಂಜಿನ ಟೆಸ್ಟ್ ಮತ್ತು ಚೌಕದ ಅಳತೆ ಸಾಕು.

ದುಡ್ಡು ಖರ್ಚು ಮಾಡೋದಾದ್ರೆ ಮೊದಲ ರೂಪಾಯಿ ಫ್ರೆಶ್ ಏರ್‌ಗೆ ಹೋಗ್ಲಿ. ಫಿಲ್ಟರ್ ಇರೋ ಸಪ್ಲೈ ಫ್ಯಾನ್ ಒಂದು, ಹುಡ್‌ಗಳು ಎಸೆಯೋದಕ್ಕಿಂತ ಸ್ವಲ್ಪ ಕಮ್ಮಿ ಗಾಳಿ ಒಳಗೆ ತರೋ ಹಾಗೆ, ಹುಡ್‌ನಿಂದ ದೂರ, ಮೆಲ್ಲಗೆ ಬಿಡಬೇಕು. ಧೂಳಿನ ಸಮಸ್ಯೆನೂ ಅದೇ ಫಿಲ್ಟರಲ್ಲಿ ಬಗೆಹರಿಯುತ್ತೆ. ಎಸಿ ಲೋಡ್ ಏರುತ್ತೆ, ಕರೆಂಟ್ ಬಿಲ್ ಬರುತ್ತೆ, ಅದನ್ನ ಮುಚ್ಚಿಡಲ್ಲ ನಾನು. ಅಲ್ಲಿವರೆಗೂ ಬಾಗಿಲು ಅರ್ಧ ತೆಗೆದಿಡಬಹುದು, ಆದ್ರೆ ಬಾಗಿಲು ಹುಡ್ ಪಕ್ಕದಲ್ಲೇ ಇದ್ರೆ ಅದೂ ಅಡ್ಡಗಾಳಿನೇ, ಮಂಜಲ್ಲಿ ನೋಡಿ ತೀರ್ಮಾನ ಮಾಡಿ. ಎರಡನೇ ಖರ್ಚು ಬ್ಲೋವರ್‌ನ ಟೆರೇಸಿಗೆ ಸಾಗಿಸೋದು. ಜೊತೆಗೆ ಗಾಳಿ ಕಮ್ಮಿ ಆದ್ರೆ ಕೂಗೋ ಒಂದು ಅಲಾರಂ, ಅದು ದೊಡ್ಡ ಖರ್ಚಲ್ಲ.

ಕೊನೆಗೆ ನಿಮ್ಮ ಆರೋಗ್ಯ. ತಲೆನೋವು ಹುಡ್ ಕೆಲಸದ ದಿನಾನೇ ಬರ್ತಿದೆ, ರಜೆ ದಿನ ಇಲ್ಲ ಅಂದ್ರೆ ಆ ದಿನಾಂಕಗಳನ್ನ ಬರೆದಿಟ್ಕೊಳಿ, ಕೆಮಿಕಲ್‌ಗಳ ಎಸ್‌ಡಿಎಸ್ (ಸೇಫ್ಟಿ ಡೇಟಾ ಶೀಟ್) ಪ್ರಿಂಟ್ ತಗೊಂಡು ಡಾಕ್ಟರ್ ಹತ್ರ ಹೋಗಿ, ಕ್ಲೋರೋಫಾರ್ಮ್ ಲಿವರ್‌ಗೂ ಕೆಟ್ಟದ್ದು, ಏನು ಬಳಸ್ತೀರ ಅಂತ ಹೇಳದೆ ಬರೀ ತಲೆನೋವು ಅಂದ್ರೆ ಅವರು ಮಾತ್ರೆ ಕೊಟ್ಟು ಕಳಿಸ್ತಾರೆ. ಗರ್ಭಿಣಿ ಆಗಿದ್ರೆ ಅಥವಾ ಪ್ಲಾನ್ ಮಾಡ್ತಿದ್ರೆ ಇವತ್ತೇ ಆ ಹುಡ್ ಕೆಲಸ ಬಿಡಿ, ಕಾರಣ ಹೇಳೋ ಸಂಕೋಚ ಬೇಡ. ಮ್ಯಾನೇಜರಿಗೆ ಬಾಯಲ್ಲಿ ಹೇಳೋ ಬದಲು ಒಂದು ಮೇಲ್ ಹಾಕಿ, ಆರೋಪ ಮಾಡದೆ ನಾಲ್ಕೇ ಪ್ರಶ್ನೆ ಕೇಳಿ: ಅಳೆದಾಗ ಸ್ಯಾಶ್ ಎಷ್ಟು ಎತ್ತರ ಇತ್ತು, ಪ್ರತಿ ಚೌಕದ ರೀಡಿಂಗ್ ಶೀಟ್ ಎಲ್ಲಿ, ಎಸಿ ಮತ್ತು ಇನ್ನೊಂದು ಹುಡ್ ಆನ್ ಇತ್ತಾ, ಮೀಟರ್ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇದೆಯಾ. ಇನ್ನೂ ಅನುಮಾನ ಇದ್ರೆ ಕಾಲರ್‌ಗೆ ಚಾರ್ಕೋಲ್ ಟ್ಯೂಬ್ ಸಿಗಿಸಿ ಸೊಂಟದಲ್ಲಿ ಸಣ್ಣ ಪಂಪ್ ಇಟ್ಟು ಒಂದು ಶಿಫ್ಟ್ ಸ್ಯಾಂಪಲ್ ತೆಗೆಸಿ ಅಂತ ಕೇಳಿ, ಜಿಸಿಲಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮೆಷಿನ್) ಹಾಕಿದ್ರೆ ನೀವು ದಿನಕ್ಕೆ ಎಷ್ಟು ಕ್ಲೋರೋಫಾರ್ಮ್ ಕುಡೀತಿದೀರ ಅಂತ ನಂಬರೇ ಬರುತ್ತೆ. ಆ ರಿಪೋರ್ಟ್ ಬರೋವರೆಗೂ, ಮಂಜಿನ ಟೆಸ್ಟ್ ಆಗೋವರೆಗೂ ಬಲಗಡೆ ಹುಡ್‌ನಲ್ಲಿ ಕ್ಲೋರೋಫಾರ್ಮ್ ಎಕ್ಸ್‌ಟ್ರಾಕ್ಷನ್ ನಿಲ್ಲಿಸಿ, ಡೈಜೆಶನ್ ನಡೀತಿರೋ ಹುಡ್‌ಗೂ ಅದನ್ನ ಸಾಗಿಸಬೇಡಿ, ನೈಟ್ರಿಕ್ ಮತ್ತು ಸಾಲ್ವೆಂಟ್ ಒಂದೇ ಹುಡ್‌ನಲ್ಲಿ ಇರಬಾರದು, ಆ ಸ್ಯಾಂಪಲ್‌ಗಳನ್ನ ಕೆಲವು ದಿನ ಹೊರಗಿನ ಲ್ಯಾಬಿಗೆ ಕಳಿಸಿ ಅಂತ ಅದೇ ಮೇಲ್‌ನಲ್ಲಿ ಸೇರಿಸಿ.